ಷರಾ: ಮೊಸಳೆ ಮೆಟ್ಟಿಲು ಹತ್ತುತ್ತದೆ

ಫೆಬ್ರವರಿ ೩, ಸೋಮವಾರ

ಹೊಸ ನೋಟುಪುಸ್ತಕ. ಹಳೆಯದರ ಖಾಲಿ ಹಾಳೆಗಳನ್ನು ಅತ್ತೆ ಹರಿದು ಅಡುಗೆಮನೆಯ ಡಬ್ಬಿಗಳ ಕೆಳಗೆ ಹಾಸಿದ್ದಾರೆ. ಬರೆದ ಹಾಳೆಗಳನ್ನು ಓದಿದಿರಾ ಎಂದು ಕೇಳಲು ಧೈರ್ಯವಾಗಲಿಲ್ಲ. ಅವರಾಗಿಯೇ "ನಿನ್ನ ಅಕ್ಷರ ದುಂಡಗಿದೆ" ಎಂದರು. ಓದಿದ್ದಾರೆ.

ಇವತ್ತು ಬರೆಯಲೇಬೇಕಾದ ದಿನ. ಪ್ರಯೋಗಾಲಯದಲ್ಲಿ ಮೊಸಳೆಗಳ ಡಿಎನ್ಎ ಫಲಿತಾಂಶ ಬಂತು. ಒಂದು ಮೊಸಳೆಗೆ ಒಂದು ಕಡ್ಡಿಯಂತೆ ಪರದೆಯ ಮೇಲೆ ಬಣ್ಣದ ಕಡ್ಡಿಗಳ ಸಾಲು. ಜಲಪಾತದ ಮೇಲಿನವು ಕೆಂಪು, ಕೆಳಗಿನವು ನೀಲಿ. ಯಾವ ಮೊಸಳೆಯ ವಂಶ ಯಾವ ಗುಂಪಿಗೆ ಹತ್ತಿರ ಎಂದು ಕಂಪ್ಯೂಟರ್ ಹೇಳುವ ರೀತಿ ಅದು. ನಮ್ಮ ಸಾಹೇಬರು ಇಪ್ಪತ್ತು ವರ್ಷದಿಂದ ಹೇಳುತ್ತಿರುವುದೂ ಇದನ್ನೇ: ಜಲಪಾತ ಒಂದು ಗೋಡೆ, ಮೇಲಿನ ಮೊಸಳೆಯ ರಕ್ತವೇ ಬೇರೆ, ಕೆಳಗಿನದರ ರಕ್ತವೇ ಬೇರೆ. ಈ ವಿಷಯ ಎತ್ತಿದರೆ ಅವರು ನಿಲ್ಲಿಸುವುದಿಲ್ಲ. ಜಲಪಾತಕ್ಕಾದರೂ ಬೇಸಿಗೆಯಲ್ಲಿ ಬಿಡುವಿದೆ.

ಪರದೆ ನೋಡಿ ಅವರ ಕಣ್ಣಲ್ಲಿ ನೀರಾಡಿತು. "ಭೂಗೋಳ ಬರೆಯುತ್ತೆ, ರಕ್ತ ಓದುತ್ತೆ" ಎಂದರು. ನಾನು ಅರ್ಥ ಕೇಳಲಿಲ್ಲ. ನನ್ನ ಕೆಲಸ ಕಾಯಂ ಮಾಡುವ ಫೈಲಿಗೆ ಶಿಫಾರಸು ಬರೆಯಬೇಕಾದವರು ಅವರೇ. ಒಂಬತ್ತು ವರ್ಷದಿಂದ ನಾನಿಲ್ಲಿ ಹನ್ನೊಂದು ತಿಂಗಳಿಗೊಮ್ಮೆ ಸತ್ತು ಮತ್ತೆ ಹುಟ್ಟುವ ತಾತ್ಕಾಲಿಕ ಸಹಾಯಕಿ. ಅರ್ಥವಾಗದ ಮಾತಿಗೆ ತಲೆದೂಗುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಈ ಕಟ್ಟಡದಲ್ಲಿ ಯಾರೂ ಇಲ್ಲ.

ಫೆಬ್ರವರಿ ೬, ಗುರುವಾರ

ನಾಲ್ಕು ಕಡ್ಡಿಗಳು ತಕರಾರು ತೆಗೆದಿವೆ. ಮೇಲಿನ ಇಪ್ಪತ್ತೈದರಲ್ಲಿ ಮೂರು ನೀಲಿ ಬಂದಿವೆ. ಕೆಳಗಿನ ಮೂವತ್ತರಲ್ಲಿ ಹದಿನೇಳನೆಯದು ಅರ್ಧಕ್ಕರ್ಧ ಕೆಂಪು. ಚಂದದ ಚಿತ್ರದಲ್ಲಿ ನಾಲ್ಕು ಹುಳುಕು ಹಲ್ಲು.

ಸಾಹೇಬರು ಒಂದು ಕ್ಷಣ ನೋಡಿ, "ಕೊಳಕು ಕೈ" ಎಂದರು. ಹಗ್ಗನ ಕೈ ಎಂದು ಅರ್ಥ. ಹಗ್ಗ ಎಂದರೆ ಜಲಪಾತದ ಬಳಿ ನಮ್ಮ ಶೆಡ್ಡಿನಲ್ಲಿರುವ, ಮೊಸಳೆ ಹಿಡಿಯುವ ಮುದುಕ. ಹೆಗಲ ಮೇಲೆ ಸದಾ ಒಂದು ಹಗ್ಗ ಇರುವುದರಿಂದ ಆ ಹೆಸರು. ಹಿಡಿದ ಮೊಸಳೆಯ ಬಾಲದ ಮೇಲಿನ ಮುಳ್ಳುಗಳಲ್ಲಿ ಒಂದರ ತುದಿ ಕತ್ತರಿಸಿ, ಸ್ಪಿರಿಟ್ ತುಂಬಿದ ಟ್ಯೂಬಿಗೆ ಹಾಕಿ, ಫಾರಂ ತುಂಬಿ ಕಳಿಸುವುದು ಅವನ ಕೆಲಸ. ಎಷ್ಟನೆಯ ಮುಳ್ಳು ಕತ್ತರಿಸಿದ ಎನ್ನುವುದೇ ಆ ಮೊಸಳೆಯ ನಂಬರು. ತುಂಡು ನಮಗೆ, ಗುರುತು ಅದಕ್ಕೆ. ಅವನ ಫಾರಂಗಳು ಮೀನು ನಾರುತ್ತವೆ. ಪೆನ್ಸಿಲಿನಲ್ಲಿ ಬರೆಯುತ್ತಾನೆ, ಅಕ್ಷರ ಇರುವೆ ಸಾಲು. ಓದಲು ಕೂತರೆ ಕಣ್ಣೂ ಹೋಗುತ್ತದೆ, ಮೂಗೂ ಹೋಗುತ್ತದೆ.

ಹೋದ ವರ್ಷ ಇಲ್ಲಿಗೆ ಬಂದಿದ್ದಾಗ, "ಮಳೆಗಾಲದಲ್ಲಿ ಮೊಸಳೆ ಜಲಪಾತದ ಪಕ್ಕದ ಮೆಟ್ಟಿಲು ಹತ್ತಿ ಮೇಲೆ ಹೋಗುತ್ತೆ ಮೇಡಂ" ಎಂದ. ಪ್ರವಾಸಿಗಳಿಗೆಂದು ಕಟ್ಟಿದ ನೂರ ಹನ್ನೆರಡು ಮೆಟ್ಟಿಲು ಅವು.

"ಟಿಕೆಟ್ ತಗೊಳ್ಳುತ್ತಾ?" ಎಂದು ಕೇಳಿದೆ. ಇಡೀ ಲ್ಯಾಬು ನಕ್ಕಿತು.

ಅವನು ನಗಲಿಲ್ಲ. "ಕೌಂಟರು ಆರಕ್ಕೆ ಮುಚ್ತಾರೆ. ಅದು ಹೋಗೋದು ಆಮೇಲೆ" ಎಂದ.

ನಾಲ್ಕು ಕಡ್ಡಿಗಳನ್ನು ತೆಗೆದುಹಾಕಿದೆವು. ಚಿತ್ರ ಈಗ ಗೋಡೆಗೆ ನೇತುಹಾಕುವಷ್ಟು ಚೆನ್ನಾಗಿದೆ. ಹಗ್ಗನಿಗೆ ಎಚ್ಚರಿಕೆ ಪತ್ರ ಕಳಿಸಲು ಸಾಹೇಬರು ಹೇಳಿದರು, ನಾನೇ ಬರೆದುಕೊಟ್ಟೆ. 'ನಿರ್ಲಕ್ಷ್ಯ' ಎಂಬ ಪದವನ್ನು ಮೂರು ಸಲ ತಂದೆ. ಸಾಹೇಬರು ಒಂದಕ್ಷರ ತಿದ್ದಲಿಲ್ಲ, ನನಗೆ ಹೆಮ್ಮೆಯೇ ಆಯಿತು.

ಫೆಬ್ರವರಿ ೨೪, ಸೋಮವಾರ

ನದಿ ಮಂಡಳಿಯ ಸಭೆ. ಸಾಹೇಬರು ಒಂದು ಗಂಟೆ ಸುರಿದರು. ಮೇಲಿನದು 'ಶುದ್ಧ ವಂಶ', ಅದನ್ನು ಕಾಪಾಡುವುದು ನಮ್ಮ ಹೊಣೆ ಎಂದರು. ಅಧ್ಯಕ್ಷೆ ಗಡಿಯಾರ ನೋಡಿ, "ಹಾಗಾದ್ರೆ ಏನು ಮಾಡಬೇಕು ಹೇಳಿ" ಎಂದರು. ಎಂಜಿನಿಯರು ಅದಕ್ಕೇ ಕಾಯುತ್ತಿದ್ದವರಂತೆ, "ಗೋಡೆ ಕಟ್ಟೋಣ" ಎಂದರು. ಪುಣ್ಯವಂತರು. ಲೋಕದ ಯಾವ ಪ್ರಶ್ನೆಗೂ ಅವರ ಬಳಿ ಅದೊಂದೇ ಉತ್ತರ.

ಮೆಟ್ಟಿಲುಗಳ ಬುಡದಲ್ಲಿ, ಹೊಳೆಯಂಚಿನಿಂದ ಬಂಡೆಯವರೆಗೆ, ಆಳೆತ್ತರದ ಗೋಡೆ. ಪ್ರವಾಸಿಗಳಿಗೆ ನಡುವೆ ಒಂದು ಗೇಟು, ಮಳೆಗಾಲ ಪೂರ್ತಿ ಅದಕ್ಕೆ ಬೀಗ. ಮಳೆಗೆ ಮುಂಚೆ ಕೆಲಸ ಮುಗಿಯಬೇಕು. ಮೊಸಳೆ ಹತ್ತುವುದೇ ಇಲ್ಲ ಎಂದು ಒಂದು ಗಂಟೆ ಸಾಬೀತು ಮಾಡಿದೆವು. ಆಮೇಲೆ ಅದು ಹತ್ತದ ಹಾಗೆ ಗೋಡೆ ಕಟ್ಟಲು ಹತ್ತೇ ನಿಮಿಷದಲ್ಲಿ ಒಪ್ಪಿದೆವು. ಕೇಕು ಚೆನ್ನಾಗಿತ್ತು.

ಮಾರ್ಚ್ ೧೧, ಮಂಗಳವಾರ

ನಾವಿರುವುದು ನಾಲ್ಕನೆಯ ಮಹಡಿ. ಕಟ್ಟಡಕ್ಕೆ ಲಿಫ್ಟಿಲ್ಲ. ನಮ್ಮವರು ಊರೂರು ತಿರುಗಿ ಲಿಫ್ಟ್ ರಿಪೇರಿ ಮಾಡುವವರು, ಭಾನುವಾರ ಮನೆಗೆ ಬಂದು ಉಸ್ಸೆಂದು ಮೆಟ್ಟಿಲು ಹತ್ತುತ್ತಾರೆ. ನಲ್ಲಿಯ ನೀರಿಗೂ ಅದೇ ಕಷ್ಟ, ಎರಡನೆಯ ಮಹಡಿಗೇ ಸುಸ್ತಾಗಿ ನಿಲ್ಲುತ್ತದೆ.

ಸಂಜೆ ಮನೆಗೆ ಬಂದಾಗ ಅತ್ತೆಯ ಮುಖ ಕೆಂಪಾಗಿತ್ತು. ನೀರಿನ ಬಗ್ಗೆ ಜನಾಭಿಪ್ರಾಯ ಕೇಳಲು ಯಾರೋ ಫಾರಂ ಹಿಡಿದು ಬಂದಿದ್ದನಂತೆ.

"ನೆಲಮಹಡಿ ಬಾಗಿಲು ತಟ್ಟಿದ. ಅಜ್ಜ, ಅಜ್ಜಿ, ಮಗ, ಸೊಸೆ, ಮೂರು ಮಕ್ಕಳು, ಏಳು ಜನಕ್ಕೂ ಒಂದೊಂದು ಫಾರಂ. ಏಳರಲ್ಲೂ ನೀರು ಚೆನ್ನಾಗಿ ಬರುತ್ತೆ ಅಂತ. ಬರದೆ ಏನು, ತೊಟ್ಟಿ ಅವರ ಬಾಗಿಲಲ್ಲೇ ಇದೆ. ಅಷ್ಟಕ್ಕೆ ಇಡೀ ಕಟ್ಟಡದ ಅಭಿಪ್ರಾಯ ಮುಗೀತು ಅಂತ ಹೊರಟೇಬಿಟ್ಟ."

"ಮೇಲೆ ಬರಲಿಲ್ವಾ?"

"ಹತ್ತೋಕೆ ಸೋಮಾರಿತನ. ಒಂದೇ ಮನೆಯವರನ್ನ ಏಳು ಸಲ ಕೇಳಿದರೆ ಏಳು ಮನೆ ಕೇಳಿದ ಹಾಗಾಯ್ತಾ? ಇಂಥವರಿಗೆ ಯಾರು ಕೆಲಸ ಕೊಡ್ತಾರೋ."

ನಾನು ಹೊಟ್ಟೆ ತುಂಬ ನಕ್ಕೆ. ನಗುನಗುತ್ತಲೇ ತಟ್ಟೆಯಲ್ಲಿ ಕೈ ನಿಂತುಹೋಯಿತು. ಹೋದ ವರ್ಷ ಹಗ್ಗನಿಗೆ ನಾನೇ ಕಳಿಸಿದ ಸಂದೇಶ ನೆನಪಾಯಿತು. 'ಮೇಲಿನಿಂದ ಇಪ್ಪತ್ತೈದು ಬೇಕು. ತಿಂಗಳ ಕೊನೆಯೊಳಗೆ. ಸಣ್ಣವಾದರೂ ಸರಿ.'

ಮಾರ್ಚ್ ೧೨, ಬುಧವಾರ

ಫಾರಂಗಳ ಫೈಲು ತೆಗೆದೆ. ಮೂಗು ಮುಚ್ಚಿಕೊಳ್ಳದೆ ಓದಿದೆ.

ಫಾರಂನ ಕೊನೆಗೆ 'ಷರಾ' ಎಂದು ಒಂದು ಖಾನೆ ಇದೆ. ಕಂಪ್ಯೂಟರಿನ ಪಟ್ಟಿಯಲ್ಲಿ ಆ ಖಾನೆ ಇಲ್ಲ, ಆದ್ದರಿಂದ ನಾನು ಅದನ್ನು ಒಂಬತ್ತು ವರ್ಷದಲ್ಲಿ ಒಮ್ಮೆಯೂ ತುಂಬಿಲ್ಲ, ಓದಿಯೂ ಇಲ್ಲ. ಜಲಪಾತದ ಮೇಲಿನ ಇಪ್ಪತ್ತೈದು ಫಾರಂಗಳಲ್ಲಿ ಇಪ್ಪತ್ತೆರಡರಲ್ಲೂ ಇರುವೆ ಸಾಲಿನಲ್ಲಿ ಒಂದೇ ಮಾತು: 'ಮರಿ. ಒಂದೇ ಗೂಡಿನದು. ತಾಯಿ ಒಂದೇ.' ಉಳಿದ ಮೂರರಲ್ಲಿ: 'ದೊಡ್ಡದು. ಮೇಲಿನ ಹಳೇ ನಿವಾಸಿ.' ಆ ಮೂರೂ ನಾವು ಕಿತ್ತೆಸೆದ ನೀಲಿ ಕಡ್ಡಿಗಳು.

ಒಂದು ಹೆರಿಗೆಯ ಮಕ್ಕಳನ್ನು ಎಣಿಸಿ ಒಂದು ಜನಾಂಗ ಎಂದಿದ್ದೇವೆ.

ಮಾರ್ಚ್ ೧೪, ಶುಕ್ರವಾರ

ತಪ್ಪು ನನ್ನದಲ್ಲ ಎಂದು ಎರಡು ದಿನ ವಾದ ಮಾಡಿದೆ, ವಕೀಲೆಯೂ ನಾನೇ, ನ್ಯಾಯಾಧೀಶೆಯೂ ನಾನೇ. ಖಾನೆ ಇಲ್ಲದ್ದು ಕಂಪ್ಯೂಟರಿನ ತಪ್ಪು. ಪೆನ್ಸಿಲು ಹಗ್ಗನ ತಪ್ಪು. ಇಷ್ಟು ಮುಖ್ಯವಾದದ್ದನ್ನು ಫೋನ್ ಮಾಡಿ ಹೇಳಬಾರದಿತ್ತೇ? ಮಾಡಿದ್ದ. ಆಗ ನಾನು ಮೀಟಿಂಗಿನಲ್ಲಿದ್ದೇನೆ ಎಂದು ಕತ್ತರಿಸಿದ್ದೆ. ಮೀಟಿಂಗ್ ಇರಲಿಲ್ಲ, ಚಹಾ ಕುಡಿಯುತ್ತಿದ್ದೆ.

ಇವತ್ತು ಎಲ್ಲ ಕಡ್ಡಿಗಳನ್ನೂ ವಾಪಸ್ ಸೇರಿಸಿ, ಯಾರು ಯಾರಿಗೆ ಏನಾಗಬೇಕು ಎಂದು ಲೆಕ್ಕ ಹಾಕಿಸಿದೆ. ಇಪ್ಪತ್ತೆರಡು ಮರಿಗಳಿಗೆ ತಾಯಿ ಒಬ್ಬಳು, ತಂದೆ ಇಬ್ಬರು. ಮೊಸಳೆಗಳಲ್ಲಿ ಇದೇನೂ ಹೊಸದಲ್ಲ. ಹದಿಮೂರರ ತಂದೆ ಯಾರೋ ಗೊತ್ತಿಲ್ಲ. ಒಂಬತ್ತರ ತಂದೆ ನಮ್ಮ ಹತ್ತಿರವೇ ಇದ್ದಾನೆ, ನಾವು ಕಸದ ಬುಟ್ಟಿಗೆ ಹಾಕಿದವರಲ್ಲಿ ನಾಲ್ಕನೆಯವನು. ಮೂರು ವರ್ಷದ ಹಿಂದೆ ಜಲಪಾತದ ಕೆಳಗೆ ಹಿಡಿದು ಮುಳ್ಳು ಕತ್ತರಿಸಿದ ಹದಿನೇಳನೇ ನಂಬರು. ಅರ್ಧ ಕೆಂಪಾಗಿದ್ದದ್ದು ಕೊಳಕು ಕೈಯಿಂದಲ್ಲ, ಅವನ ಮಕ್ಕಳೇ ಕೆಂಪು ಗುಂಪು ಆಗಿದ್ದರಿಂದ.

ಕೆಳಗಿನ ಗಂಡು ಮೇಲೆ ಹೋಗಿ ಸಂಸಾರ ಮಾಡಿದ್ದಾನೆ. ಹೋಗಲು ಇರುವುದು ಒಂದೇ ದಾರಿ. ಕೌಂಟರು ಮುಚ್ಚಿದ ಮೇಲೆ ಹೋಗಿರಬೇಕು.

ಮಾರ್ಚ್ ೧೮, ಮಂಗಳವಾರ

ಹೇಳಲೆಂದು ಸಾಹೇಬರ ಕೋಣೆಗೆ ಹೋದೆ. ತಾವು ಬರೆಯುತ್ತಿರುವ ಪ್ರಬಂಧದಲ್ಲಿ ಹೊಸ ವಂಶಕ್ಕೆ ತಮ್ಮ ತಾಯಿಯ ಹೆಸರಿಡುವುದೋ ತಮ್ಮದೇ ಇಡುವುದೋ ಎಂದು ಯೋಚನೆಯಲ್ಲಿದ್ದರು. ನನ್ನ ಅಭಿಪ್ರಾಯ ಕೇಳಿದರು. ತಾಯಿಯದು ಎಂದೆ.

"ನಿಮ್ಮ ಶಿಫಾರಸು ರೆಡಿ ಇದೆ" ಎಂದು ಕಾಗದ ತೋರಿಸಿದರು. "ಪ್ರಬಂಧ ಹೊರಬಿದ್ದ ದಿನ ಸಹಿ ಹಾಕ್ತೀನಿ. ಒಂಬತ್ತು ವರ್ಷ ಕಾದಿದ್ದೀರಿ, ಇನ್ನೊಂದು ತಿಂಗಳು."

ಥ್ಯಾಂಕ್ಸ್ ಸರ್ ಎಂದು ಬಂದೆ.

ಮಾರ್ಚ್ ೧೯

ಏನೂ ಇಲ್ಲ.

ಮಾರ್ಚ್ ೨೭

ಏನೂ ಇಲ್ಲ. ಗೋಡೆಯ ಕೆಲಸ ಶುರುವಾಗಿದೆಯಂತೆ.

ಏಪ್ರಿಲ್ ೨, ಬುಧವಾರ

ಪ್ರಬಂಧಕ್ಕೆ ಜಲಪಾತದ ಫೋಟೊ ಬೇಕೆಂದು ನನ್ನನ್ನು ಕಳಿಸಿದರು. ಬಸ್ಸಿನಲ್ಲಿ ಮೂರು ಗಂಟೆ. ಮೆಟ್ಟಿಲ ಬುಡದಲ್ಲಿ ಗೋಡೆ ಸೊಂಟದೆತ್ತರಕ್ಕೆ ಬಂದಿತ್ತು. ಹಗ್ಗದಣ್ಣ ಅದರ ಮೇಲೆ ಕೂತು ಬಲೆಯ ತೂತು ಹೊಲಿಯುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತರು.

ಶೆಡ್ಡಿನಲ್ಲಿ ಚಹಾ ಕೊಟ್ಟು, ಪ್ಲಾಸ್ಟಿಕ್ ಕವರಿನಿಂದ ಒಂದು ಕಾಗದ ತೆಗೆದರು. ನನ್ನ ಕಾಗದ. ಅಳತೆ ಟೇಪಿನ ಜೊತೆ ಜೋಪಾನವಾಗಿ ಇಟ್ಟಿದ್ದರು.

"ನಿರ್ಲಕ್ಷ್ಯ ಅಂದ್ರೆ ನೋಡದೆ ಇರೋದು ತಾನೇ ಮೇಡಂ?"

"ಹೌದು."

"ನಾನು ಎಲ್ಲ ನೋಡಿ ಬರೆದಿದ್ದೆ. ಎಲ್ಲಿ ತಪ್ಪಿದೆ ಅಂತ ಮೂರು ಸಲ ಓದಿದೆ, ಗೊತ್ತಾಗಲಿಲ್ಲ. ಬರೆದೋರು ಚೆನ್ನಾಗಿ ಓದಿಕೊಂಡೋರು ಅನ್ಸುತ್ತೆ."

ಚಹಾ ಬಿಸಿಯಿತ್ತು. ಅದನ್ನು ಊದುವುದರಲ್ಲೇ ಮುಳುಗಿದೆ.

ಮೆಟ್ಟಿಲು ತೋರಿಸಿ ಎಂದೆ. ಮುಂದೆ ಅವರು, ಹಿಂದೆ ಏದುಸಿರಿನ ನಾನು. ನಲವತ್ತನೆಯ ಮೆಟ್ಟಿಲಿನ ಅಂಚಿನ ಒಣಗಿದ ಪಾಚಿಯಲ್ಲಿ ಉಗುರಿನ ಗೀರುಗಳಿದ್ದವು, ನಡುವೆ ಬಾಲ ಎಳೆದ ಅಗಲವಾದ ಪಟ್ಟಿ. ಹೋದ ಮಳೆಗಾಲದ್ದು ಎಂದರು. ಅರವತ್ತನೆಯದರ ಬಳಿ ಪ್ರವಾಸಿಗಳಿಗೊಂದು ಬೆಂಚಿದೆ.

"ಅದೂ ಇಲ್ಲೇ ಸುಧಾರಿಸಿಕೊಳ್ಳುತ್ತೆ" ಎಂದರು.

"ಬೆಂಚಿನ ಮೇಲೆ?"

"ಪಕ್ಕದಲ್ಲಿ ಮೇಡಂ. ಬೆಂಚು ನಿಮಗೆ. ಕೂತ್ಕೊಳ್ಳಿ."

ಕೂತೆ. ಗೋಡೆ ಮುಗಿದರೆ ಏನಾಗುತ್ತದೆ ಎಂದು ಕೇಳಿದೆ. ಅವರು ಮೇಲಿನ ಮಡುವಿನ ಕಡೆ ನೋಡುತ್ತಾ ಹೇಳಿದರು. ಮೇಲೆ ಇರುವುದೇ ಮೂವತ್ತು ದೊಡ್ಡವು. ಕೆಳಗಿನ ಗಂಡು ಬಾರದ ವರ್ಷಗಳಲ್ಲಿ ಗೂಡಿನ ಅರ್ಧ ಮೊಟ್ಟೆ ಒಡೆಯದೆ ಕೊಳೆಯುತ್ತವೆ. ಬಂದ ಮರುವರ್ಷ ಮಡು ತುಂಬ ಮರಿಗಳ ಗಲಾಟೆ. "ಒಳಗೊಳಗೇ ಎಷ್ಟು ದಿನ ನಡೆಯುತ್ತೆ ಮೇಡಂ. ಐವತ್ತು ವರ್ಷಕ್ಕೆ ನಿಮ್ಮ ಲೆಕ್ಕ ನಿಜ ಆಗುತ್ತೆ, ಮೇಲಿನದು ಬೇರೆ ಆಗುತ್ತೆ. ಆಮೇಲೆ ಇರೋದೇ ಇಲ್ಲ."

ಜಲಪಾತ ಮಾಡದ ಕೆಲಸವನ್ನು ನನ್ನ ಚಿತ್ರ ಮಾಡಲಿದೆ. ಬಸ್ಸಿನಲ್ಲಿ ನಾಚಿಕೆಯಿಂದ ಕಿಟಕಿಗೆ ಹಣೆ ಒತ್ತಿ ಕೂತಿದ್ದೆ. ಫೋಟೊ ತೆಗೆಯುವುದನ್ನೇ ಮರೆತಿದ್ದೇನೆ.

ಏಪ್ರಿಲ್ ೧೭, ಗುರುವಾರ

ಅತ್ತೆ ಸೊಪ್ಪು ಬಿಡಿಸುತ್ತಾ, ಪೀಠಿಕೆಯೇ ಇಲ್ಲದೆ ಹೇಳಿದರು: "ಹೇಳೋದಿದ್ದರೆ ಗೋಡೆ ಒಣಗೋಕೆ ಮುಂಚೆ ಹೇಳು."

ನಾನು ಅವರಿಗೆ ಗೋಡೆಯ ವಿಷಯವನ್ನೇ ಹೇಳಿರಲಿಲ್ಲ. ಈ ನೋಟುಪುಸ್ತಕವನ್ನು ಎಲ್ಲಿ ಬಚ್ಚಿಡುವುದೋ ತಿಳಿಯದು.

"ಕೆಲಸ ಕಾಯಂ ಆಗಲ್ಲ ಅತ್ತೆ."

"ನೆಲಮಹಡಿಗೆ ಮಾತ್ರ ಬಂದು ಹೋದವನದು ಕಾಯಂ ಕೆಲಸವೇ ಇರಬೇಕು. ಎಷ್ಟು ನಿರಾಳವಾಗಿದ್ದ" ಎಂದು ದಂಟು ಮುರಿದರು.

ಏಪ್ರಿಲ್ ೨೧, ಸೋಮವಾರ

ಮಂಡಳಿಯ ಸಭೆಯಲ್ಲಿ ಹೇಳಿಬಿಟ್ಟೆ.

ಸಾಹೇಬರು ಸುರಿದು ಮುಗಿಸಿ, ಬಣ್ಣದ ಚಿತ್ರ ಹಾಕಲು ನನಗೆ ಸನ್ನೆ ಮಾಡಿದರು. ನಾನು ನಾಲ್ಕೂ ಕಡ್ಡಿಗಳಿರುವ ಚಿತ್ರ ಹಾಕಿದೆ. ಮೊದಲ ವಾಕ್ಯ ಹೊರಬರಲಿಲ್ಲ, ಎರಡನೆಯದರಿಂದ ಶುರು ಮಾಡಿದೆ. ಇಪ್ಪತ್ತೆರಡು ಒಂದೇ ಗೂಡಿನ ಮರಿಗಳು. ಅವು ಬೇರೆಯಾಗಿ ಕಾಣುವುದು ಜಲಪಾತದಿಂದಲ್ಲ, ಒಡಹುಟ್ಟಿದವಾದ್ದರಿಂದ. ಮೊಸಳೆ ಹಿಡಿಯುವವರು ಇದನ್ನು ಬರೆದೇ ಕಳಿಸಿದ್ದರು, ನಾನು ಓದಲಿಲ್ಲ. ತೆಗೆದುಹಾಕಿದ ನಾಲ್ಕೇ ನಿಜ ಹೇಳುತ್ತಿದ್ದವು. ಹದಿನೇಳನೆಯವನು ಮೆಟ್ಟಿಲು ಹತ್ತಿದ್ದಾನೆ. ಗೋಡೆ ಬೇಡ.

ಅಧ್ಯಕ್ಷೆ, "ಈಗ ಮೊಸಳೆ ಒಂದು ಜಾತಿಯೋ ಎರಡೋ, ಅಷ್ಟು ಹೇಳಿ" ಎಂದರು. ಎಂಜಿನಿಯರು ಗೋಡೆ ಮುಕ್ಕಾಲು ಎದ್ದಿದೆ ಎಂದರು. ಸಾಹೇಬರ ಮುಖ ಸುಣ್ಣವಾಗಿತ್ತು. ಅದೂ ಎರಡೇ ನಿಮಿಷ. ನೀರು ಕುಡಿದು, ಗಂಟಲು ಸರಿಮಾಡಿಕೊಂಡು, "ನಾನು ಮೊದಲಿಂದಲೂ ಇದನ್ನೇ ಅನುಮಾನಿಸಿದ್ದೆ" ಎಂದು ಶುರುಮಾಡಿದರು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಮೆಟ್ಟಿಲು ಹತ್ತುವ ಮೊಸಳೆ ಅವರ ಇಪ್ಪತ್ತು ವರ್ಷದ ತಪಸ್ಸಿನ ಫಲವಾಗಿತ್ತು. ಆ ಮನುಷ್ಯನನ್ನು ಮೆಚ್ಚಬೇಕು. ಮುಳುಗಿದ ಜಾಗದಲ್ಲೇ ಎದ್ದು, ಈಜಲು ಬಂದಿದ್ದೆ ಎನ್ನುತ್ತಾರೆ.

ತೀರ್ಮಾನ: ಗೋಡೆ ಮುಗಿಸುವುದು, ಎತ್ತಿದ್ದನ್ನು ಇಳಿಸಲಾಗದು. ಮುಂದಿನ ಅಧ್ಯಯನದವರೆಗೆ ಗೇಟಿಗೆ ಮಳೆಗಾಲದಲ್ಲಿ ಬೀಗ. ಅಧ್ಯಯನಕ್ಕೆ ಐದು ವರ್ಷ.

ಹೊರಬಂದಾಗ ಸಾಹೇಬರು, "ನನಗೆ ಮೊದಲೇ ಹೇಳಬಹುದಿತ್ತು" ಎಂದರು. ಹೌದು, ಅದು ನಿಜ. ಕೋಣೆಯಿಂದ ಥ್ಯಾಂಕ್ಸ್ ಹೇಳಿ ಬಂದವಳು ನಾನೇ.

ಮೇ ೯, ಶುಕ್ರವಾರ

ಆದೇಶ ಬಂತು. ಶಿಫಾರಸಿಗೆ ಸಹಿ ಬಿದ್ದಿಲ್ಲ. ಇನ್ನೊಂದು ಹನ್ನೊಂದು ತಿಂಗಳು, ಜಲಪಾತದ ಶೆಡ್ಡಿನ 'ಉಸ್ತುವಾರಿ'. ನನ್ನ ಅನುಭವ ಅಲ್ಲಿಗೆ ಅನಿವಾರ್ಯವಂತೆ. ಸಾಹೇಬರ ಪ್ರಬಂಧದಲ್ಲಿ ನನಗೆ ಕೊನೆಯಲ್ಲಿ ಕೃತಜ್ಞತೆ ಇದೆ, ಹೆಸರಿನ ಅಕ್ಷರ ತಪ್ಪಾಗಿದೆ.

ಹೊರಡುವ ಮೊದಲು ಒಂದು ಕೆಲಸ ಮುಗಿಸಿದೆ. ಎಚ್ಚರಿಕೆ ಪತ್ರ ಹಿಂಪಡೆಯುವ ಕಾಗದ. ಸಾಹೇಬರು ಸಹಿ ಹಾಕಲಿಲ್ಲ, ಅಂಥ ಪದ್ಧತಿ ಇಲ್ಲವಂತೆ. ನಾನೇ ಹಾಕಿದೆ. ನಾಲ್ಕೇ ಸಾಲು. ನಿರ್ಲಕ್ಷ್ಯ ಎಂಬ ಪದ ಒಂದೇ ಸಲ ಬಂತು, ಮುಂದೆ 'ನನ್ನದು' ಎಂದಿದೆ. ಭಾಷೆ ಅಷ್ಟೇನೂ ಚೆನ್ನಾಗಿ ಬರಲಿಲ್ಲ.

ನಮ್ಮವರು ಭಾನುವಾರ ಬಂದು ಪೆಟ್ಟಿಗೆ ಕಟ್ಟಿಕೊಡುತ್ತಾರೆ. "ವಾರಕ್ಕೊಮ್ಮೆ ಬರುತ್ತೀಯಲ್ಲ, ಹೊಸ ನೋಟುಪುಸ್ತಕ ಅಲ್ಲೇ ಬಿಟ್ಟು ಬರಬೇಡ" ಎಂದರು ಅತ್ತೆ.

ಮೇ ೩೦, ಶುಕ್ರವಾರ

ಹಗ್ಗದಣ್ಣ ಕಾಗದ ಓದಿ, ಅದನ್ನೂ ಅಳತೆ ಟೇಪಿನ ಜೊತೆ ಇಟ್ಟರು. ಮೊದಲಿನದನ್ನು ಎಸೆಯಿರಿ ಎಂದೆ. "ಇರಲಿ ಮೇಡಂ, ಜೋಡಿ" ಎಂದರು.

ಕಂಪ್ಯೂಟರಿನ ಪಟ್ಟಿಗೆ ನಾನೇ ಒಂದು ಖಾನೆ ಸೇರಿಸಿದ್ದೇನೆ: ಷರಾ. ಅವರು ಪೆನ್ಸಿಲಿನಲ್ಲಿ ಬರೆದದ್ದನ್ನು ದಿನವೂ ಟೈಪ್ ಮಾಡಿ ಮಂಡಳಿಗೆ ಕಳಿಸುತ್ತೇನೆ. ಅವರ ಅಕ್ಷರ ಅಭ್ಯಾಸವಾದರೆ ಸಲೀಸಾಗಿ ಓದಬಹುದು. ಮೀನಿನ ವಾಸನೆ ಈ ಫಾರಂಗಳಿಗೆ ಯಾಕೋ ಇಲ್ಲ.

ಜೂನ್ ೧೯, ಗುರುವಾರ

ನಾಲ್ಕು ದಿನದಿಂದ ಬಿಡದೆ ಮಳೆ. ಹೊಳೆ ಗೋಡೆಯ ಬುಡ ಮುಟ್ಟಿದೆ. ಗೇಟಿನ ಬೀಗ ಸರಿಯಿದೆಯೇ ಎಂದು ದಿನಾ ವರದಿ ಕಳಿಸಬೇಕೆಂದು ಮಂಡಳಿಯ ಆಜ್ಞೆ. ಕೀಲಿಕೈ ಇರುವುದು ಹಗ್ಗದಣ್ಣನ ಬಳಿ.

ಬೆಳಿಗ್ಗೆ ಅವರು ತೊಯ್ದ ಫಾರಂ ತಂದು ಮೇಜಿನ ಮೇಲಿಟ್ಟರು. ಷರಾ ಖಾನೆಯಲ್ಲಿ ಹೀಗಿತ್ತು: 'ಗೇಟು ತೆರೆದು ನೋಡುವಾಗ ಬೀಗ, ಕೀಲಿಕೈ ಎರಡೂ ಹೊಳೆಗೆ ಬಿದ್ದವು. ಗೇಟು ತೆರೆದೇ ಇದೆ. ಹುಡುಕಿಲ್ಲ.'

"ಹೇಗೆ ಬಿದ್ದವು?"

"ಕೈಯಿಂದ ಮೇಡಂ."

ಅವರು ನನ್ನ ಮುಖ ನೋಡುತ್ತಾ ನಿಂತರು. ನಾನು ಒಂದಕ್ಷರ ಬದಲಿಸದೆ ಟೈಪ್ ಮಾಡಿ ಕಳಿಸಿದೆ. ಆಮೇಲೆ ಇಬ್ಬರೂ ಕೊಡೆ ಹಿಡಿದು ಬೆಂಚಿನ ತನಕ ಹತ್ತಿ ಬಂದೆವು. ನಲವತ್ತನೆಯ ಮೆಟ್ಟಿಲಿನ ಹೊಸ ಪಾಚಿಯ ಮೇಲೆ ಇನ್ನೂ ಏನೂ ಇರಲಿಲ್ಲ. ಬೆಳಕಿತ್ತಲ್ಲ, ಕೌಂಟರು ಮುಚ್ಚುವ ಹೊತ್ತಾಗಿರಲಿಲ್ಲ.

ಫೋನು ಎರಡು ಸಲ ಹೊಡೆದುಕೊಂಡಿತು. ಮಂಡಳಿಯಿಂದ. ನಾನು ಮೀಟಿಂಗಿನಲ್ಲಿದ್ದೆ.